ಗೋಡೆಯಲ್ಲ, ಜೊತೆಗಾರ

ಫ್ರೆಂಚರ ಸೆರೆಮನೆ-ಪಲಾಯನದ ಚಿತ್ರಗಳೆಂದರೆ ನಮ್ಮ ಚಿತ್ರಸಮಾಜಗಳ ಬುದ್ಧಿವಂತರು ಎರಡು ಪಂಗಡವಾಗುತ್ತಾರೆ. ಒಂದು ಪಂಗಡಕ್ಕೆ ಅವು ರೋಮಾಂಚಕ ಸಾಹಸಕಥೆಗಳು. ಇನ್ನೊಂದಕ್ಕೆ ದೈವಾನುಗ್ರಹದ ರೂಪಕಗಳು. ಎರಡೂ ಚಿತ್ರವನ್ನು ಸರಿಯಾಗಿ ನೋಡದೆ ಆಡುವ ಮಾತುಗಳೆಂದು ನಿಷ್ಠುರವಾಗಿಯೇ ಹೇಳಬೇಕಾಗಿದೆ.

ರೊಬೇರ್ ಬ್ರೆಸಾನ್ 1956ರಲ್ಲಿ ನಿರ್ದೇಶಿಸಿದ 'ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ' ಚಿತ್ರವು ತನ್ನ ಅಂತ್ಯವನ್ನು ಶೀರ್ಷಿಕೆಯಲ್ಲೇ ಒಪ್ಪಿಸಿಬಿಡುತ್ತದೆ. ಕುತೂಹಲವೇ ಬಂಡವಾಳವಾಗಿದ್ದರೆ ಯಾವ ನಿರ್ದೇಶಕ ತಾನೆ ಹೀಗೆ ಮಾಡಿಯಾನು? 1943ರಲ್ಲಿ ಜರ್ಮನ್ನರ ವಶದಲ್ಲಿದ್ದ ಲಿಯೋನ್ ನಗರದ ಮೊಂಲ್ಯೂಕ್ ಸೆರೆಮನೆಯಿಂದ ಪಾರಾದ ಆಂದ್ರೆ ದೆವಿನ್ಯಿಯ ಅನುಭವವೇ ಅದರ ಆಧಾರ. ನಾಯಕ ಫಾಂತೇನ್ ಚಮಚವನ್ನು ಉಳಿಯಾಗಿಸಿ ಬಾಗಿಲ ಹಲಗೆಗಳನ್ನು ಬಿಡಿಸುತ್ತಾನೆ. ಮಂಚದ ತಂತಿ ಸೇರಿಸಿ ಹಗ್ಗ ಹೊಸೆಯುತ್ತಾನೆ. ಆದರೆ ಅವನನ್ನು ನಿಜವಾಗಿ ಪರೀಕ್ಷಿಸುವುದು ಬಾಗಿಲಲ್ಲ, ಕೊನೆಯ ಹಂತದಲ್ಲಿ ಅವನ ಕೋಣೆಗೆ ದೂಡಲ್ಪಟ್ಟ ಹುಡುಗ ಜೋಸ್ತ್. ಮೈಮೇಲೆ ಅರ್ಧ ಶತ್ರುವಿನ ಸಮವಸ್ತ್ರ. ಕೊಲ್ಲಬೇಕೆ, ನಂಬಬೇಕೆ? ನಂಬುತ್ತಾನೆ. ಒಂಟಿಯಾಗಿದ್ದರೆ ತಾನು ಗೋಡೆಯ ಬುಡದಲ್ಲೇ ಉಳಿಯುತ್ತಿದ್ದೆನೇನೋ ಎಂದು ಮುಂದೆ ಅವನೇ ಒಪ್ಪಿಕೊಳ್ಳುತ್ತಾನೆ.

ಅನುಗ್ರಹವಾದಿಗಳು ಯೋಹಾನನ ಸುವಾರ್ತೆಯಿಂದ ಪಡೆದ ಉಪಶೀರ್ಷಿಕೆಯನ್ನೂ ಮೊಜಾರ್ಟನ ಪ್ರಾರ್ಥನಾಸಂಗೀತವನ್ನೂ ಮುಂದೊಡ್ಡುತ್ತಾರೆ. ಇರಲಿ. ಅದೇ ಫಾಂತೇನ್ ಒಬ್ಬ ಕಾವಲುಗಾರನನ್ನು ಕೊಂದೇ ದಾಟುತ್ತಾನಲ್ಲ! ಕ್ಯಾಮೆರಾ ತೋರಿಸಲಿಲ್ಲವೆಂದ ಮಾತ್ರಕ್ಕೆ ಕೊಲೆ ನಡೆಯಲಿಲ್ಲವೆ?

ಇದರ ಎದುರಿಗೆ ಜಾಕ್ ಬೆಕೆರ್‌ನ 'ಲ ತ್ರೂ', ಅರ್ಥಾತ್ 'ಕಂಡಿ' (1960), ಇಟ್ಟು ನೋಡಿ. 1947ರಲ್ಲಿ ಪ್ಯಾರಿಸ್ಸಿನ ಸಾಂತೆ ಸೆರೆಮನೆಯಲ್ಲಿ ನಡೆದ ಯತ್ನವದು. ಅದರಲ್ಲಿ ಪಾಲ್ಗೊಂಡಿದ್ದ ಝಾನ್ ಕೆರೋದಿಯೇ ರೋಲಾಂ ಪಾತ್ರ ವಹಿಸಿದ್ದಾನೆ. ಕಾಂಕ್ರೀಟು ಒಡೆಯುವ ದೃಶ್ಯ ಕತ್ತರಿಯಿಲ್ಲದೆ ನಿಮಿಷಗಟ್ಟಲೆ ಸಾಗುತ್ತದೆ. ಸಂಗೀತವಿಲ್ಲ, ಏಟಿನ ಸದ್ದು ಮಾತ್ರ. ನಾಲ್ವರು ಹೊಸಬ ಗ್ಯಾಸ್ಪಾರ್‌ನನ್ನು ನಂಬುತ್ತಾರೆ, ಕೆಡುತ್ತಾರೆ. ಕೆಟ್ಟ ಬಗೆಯನ್ನು ನಮ್ಮ ವಿಮರ್ಶಕರು ಗಮನಿಸಿದಂತಿಲ್ಲ. ಗ್ಯಾಸ್ಪಾರ್‌ನನ್ನು ಯಾರೂ ಥಳಿಸುವುದಿಲ್ಲ. ಸೆರೆಮನೆಯ ಅಧಿಕಾರಿ ಕರೆಸಿಕೊಂಡು, ಪತ್ನಿ ದೂರು ಹಿಂತೆಗೆದುಕೊಂಡಳೆಂದು ಮೃದುವಾಗಿ ತಿಳಿಸುತ್ತಾನೆ. ಮುಂದಿನ ಮಾತುಕತೆಯನ್ನು ಬೆಕೆರ್ ತೋರಿಸುವುದಿಲ್ಲ. (ಮೂರು ದಶಕ ಸರ್ಕಾರಿ ಕೊಠಡಿಗಳಲ್ಲಿ ಕುಳಿತವನಿಗೆ ತೋರಿಸುವ ಅಗತ್ಯವೂ ಇಲ್ಲ, ಮುಚ್ಚಿದ ಬಾಗಿಲ ಹಿಂದಿನ ಸೌಜನ್ಯಕ್ಕೆ ಏನು ಬೆಲೆಯೆಂದು ಬಲ್ಲೆ.)

ದೇಶಭಕ್ತನ ಪಲಾಯನ ಉದಾತ್ತ, ಅಪರಾಧಿಗಳದ್ದು ಬರಿಯ ಕೈಚಳಕ ಎಂದು ಬ್ರೆಸಾನ್‌ಗೆ ಮೇಲಿನ ಮಣೆ ಹಾಕುವವರಿದ್ದಾರೆ. ಮೂಲ ಕಾದಂಬರಿ ಬರೆದ ಜೋಸೆ ಜೊವಾನಿ ಸ್ವತಃ 1948ರಲ್ಲಿ ಮರಣದಂಡನೆಗೆ ಗುರಿಯಾಗಿದ್ದವನು, ನಿಜ, ಸಂತನಲ್ಲ. ಆದರೆ ಬೆಕೆರ್ ಆ ನಾಲ್ವರನ್ನು ತೂಗಿದ್ದು ಅವರ ಆರೋಪಪಟ್ಟಿಯಿಂದಲ್ಲ, ಒಂದೇ ಕೋಣೆಯಲ್ಲಿ ಒಬ್ಬರೊಡನೊಬ್ಬರು ನಡೆದುಕೊಂಡ ರೀತಿಯಿಂದ. ಎಲ್ಲವೂ ಕೈಮೀರಿದ ಮೇಲೆ ರೋಲಾಂ ಗ್ಯಾಸ್ಪಾರ್‌ನನ್ನು ಶಪಿಸುವುದಿಲ್ಲ, ಅವನಿಗಾಗಿ ಕನಿಕರಪಡುತ್ತಾನೆ. ಇದನ್ನೂ ಕೈಚಳಕವೆನ್ನುವವರು ಆ ಚಿತ್ರವನ್ನು ಇನ್ನೊಮ್ಮೆ ನೋಡಲಿ.