ನೀರುನಾಯಿ ಉಳಿಯಲು ಗಡಿ ಗುರುತಿಸಿದರೆ ಸಾಕೇ?

ಹಂಪಿ ಬಳಿ ಹರಿಯುವ ತುಂಗಭದ್ರಾ ನದಿಯ ಮುದ್ಲಾಪುರ-ಕಂಪ್ಲಿ ನಡುವಿನ 34 ಕಿ.ಮೀ. ಉದ್ದದ ಪಾತ್ರವನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಸ್ಫೋಟಕ ಸಿಡಿಸಿ ಮೀನು ಹಿಡಿಯುವುದಕ್ಕೆ, ಮರಳು ಗಣಿಗಾರಿಕೆಗೆ ಕಡಿವಾಣ ಹಾಕಲು ಇದು ನೆರವಾಗುತ್ತದೆ. ಆದರೆ ನೀರಿನಲ್ಲಿ ಕರಗಿ ಬರುವ ರಾಸಾಯನಿಕಕ್ಕೆ ಈ ಗಡಿ ಲೆಕ್ಕಕ್ಕಿಲ್ಲ.

ಇದು ಏಕೆ ಮುಖ್ಯ? ನೀರುನಾಯಿ, ಬೀವರ್‌ನಂಥ ಸಸ್ತನಿಗಳು ಮುಳುಗಿದಾಗ ಹೃದಯ ಬಡಿತ ನಿಧಾನವಾಗುತ್ತದೆ. ರಕ್ತ ಮುಖ್ಯವಾಗಿ ಮಿದುಳು, ಹೃದಯಕ್ಕೆ ಹರಿದು, ಉಳಿದ ಅಂಗಗಳಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಮೇಲೆದ್ದು ಉಸಿರೆಳೆದ ಕೂಡಲೇ ಅದು ಒಮ್ಮೆಲೇ ನುಗ್ಗಿ, ಜೀವಕೋಶಗಳಿಗೆ ಹಾನಿ ಮಾಡುವ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಹೃದಯಾಘಾತವಾದವರ ಮುಚ್ಚಿದ ರಕ್ತನಾಳ ತೆರೆದಾಗ ಆಗುವ ಹಾನಿಯೂ ಇದೇ ಬಗೆಯದು.

ಇದನ್ನು ತಡೆಯುವುದು ದೇಹದ ಆಂಟಿಆಕ್ಸಿಡೆಂಟ್ ಪಡೆ. ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ ಫ್ರೀ ರಾಡಿಕಲ್ ಅನ್ನು ಹೈಡ್ರೋಜನ್ ಪೆರಾಕ್ಸೈಡ್ ಆಗಿಸುತ್ತದೆ. ಕ್ಯಾಟಲೇಸ್ ಅದನ್ನು ನೀರು, ಆಮ್ಲಜನಕವಾಗಿ ಒಡೆಯುತ್ತದೆ. ಗ್ಲುಟಾಥಯಾನ್, ವಿಟಮಿನ್ ಇ ಜತೆಗೂಡುತ್ತವೆ.

ಸಮಸ್ಯೆ ಇರುವುದು ಇಲ್ಲೇ. ಪಾದರಸದಂಥ ಲೋಹ ದೇಹ ಸೇರಿದರೆ ಇದೇ ಗ್ಲುಟಾಥಯಾನ್ ಅದಕ್ಕೆ ಅಂಟಿಕೊಂಡು ಖರ್ಚಾಗುತ್ತದೆ. ಮೀನು ತಿನ್ನುವ ನೀರುನಾಯಿ ಆಹಾರ ಸರಪಳಿಯ ತುದಿಯಲ್ಲಿರುವುದರಿಂದ ಅದರ ದೇಹದಲ್ಲಿ ವಿಷ ಹೆಚ್ಚು ಸಂಗ್ರಹವಾಗುತ್ತದೆ. ಬ್ರಿಟನ್‌ನಲ್ಲಿ 1950ರ ದಶಕದ ಕೊನೆಯಿಂದ ನೀರುನಾಯಿಗಳ ಸಂಖ್ಯೆ ಕುಸಿಯಲು ಡೀಲ್ಡ್ರಿನ್‌ನಂಥ ಕೀಟನಾಶಕಗಳು ಪ್ರಮುಖ ಕಾರಣವಾಗಿದ್ದವು. ಅವುಗಳ ಬಳಕೆ ನಿಂತ ಬಳಿಕ ಸಂಖ್ಯೆ ಚೇತರಿಸಿಕೊಂಡಿತು.

ತುಂಗಭದ್ರೆಗೂ ಇದೇ ಪಾಠ. ದಡದ ಕಾವಲಿನಷ್ಟೇ ನೀರಿನ ಗುಣಮಟ್ಟದ ಪರೀಕ್ಷೆಯೂ ಮುಖ್ಯ. ಅದು ಮುದ್ಲಾಪುರಕ್ಕಿಂತ ಮೇಲಿನಿಂದಲೇ ಶುರುವಾಗಬೇಕು.