ಹಳೆಯ ದಾಖಲೆ ಪುಸ್ತಕಗಳಲ್ಲಿ ಕುಟುಂಬದ ಬೇರು

ಮುಂಬಯಿ, ಕೊಲ್ಲಿ ರಾಷ್ಟ್ರಗಳು ಹಾಗೂ ಕೆನಡಾದಲ್ಲಿ ನೆಲೆಸಿರುವ ನಮ್ಮವರು ರಜೆಯಲ್ಲಿ ಊರಿಗೆ ಬಂದಾಗ ಚರ್ಚ್ ಕಚೇರಿಯಲ್ಲಿ ಮುತ್ತಜ್ಜನ ಜ್ಞಾನಸ್ನಾನದ ವಿವರ ಕೇಳುವುದು ಈಗ ಹೆಚ್ಚುತ್ತಿದೆ. ಇದು ಸಂತೋಷದ ವಿಷಯ. ಆದರೆ ಈ ಹುಡುಕಾಟದ ದಾರಿಯನ್ನೂ ಮಿತಿಯನ್ನೂ ತಿಳಿದಿರುವುದು ಒಳ್ಳೆಯದು.

ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ತ್ರೆಂತ್ ಮಹಾಸಭೆ 1563ರಲ್ಲಿ ವಿಧಿಸಿತು. ಸರಕಾರ ಜನನ ನೋಂದಣಿ ಆರಂಭಿಸುವುದಕ್ಕೆ ಬಹಳ ಮುಂಚೆಯೇ ಚರ್ಚ್ ಬಡವ-ಬಲ್ಲಿದನೆನ್ನದೆ ಎಲ್ಲರ ಹೆಸರನ್ನೂ ದಾಖಲಿಸಿತು. ಗೇಣಿ ಭೂಮಿ ಉತ್ತಿದವನ ಹೆಸರು ಬೇರೆಲ್ಲೂ ಇಲ್ಲದಿದ್ದರೂ ಇಲ್ಲಿ ಸಿಗಬಹುದು.

ಹುಡುಕುವವರು ತಮ್ಮಿಂದಲೇ ಆರಂಭಿಸಿ ಒಂದೊಂದು ತಲೆಮಾರು ಹಿಂದೆ ಸರಿಯಬೇಕು. ಮೊದಲು ಮನೆಯ ಹಿರಿಯರನ್ನು ಕೇಳಿ. ಅಜ್ಜ-ಅಜ್ಜಿಯ ವಿವಾಹದ ದಾಖಲೆ ಅವರ ತಂದೆ-ತಾಯಿಯರತ್ತ ದಾರಿ ತೋರುತ್ತದೆ. 1908ರ ಈಸ್ಟರ್‌ನಿಂದೀಚೆಗೆ ವಿವಾಹದ ವಿವರವನ್ನು ಜ್ಞಾನಸ್ನಾನದ ದಾಖಲೆಯ ಪಕ್ಕದಲ್ಲೂ ಬರೆಯಬೇಕೆಂಬ ನಿಯಮವಿದೆ. ಅದರಿಂದ ಬೇರೆ ಊರಿಗೆ ಹೋದವರ ಸುಳಿವು ದೊರೆಯುತ್ತದೆ. ಹೆಸರುಗಳ ಬಗ್ಗೆ ಎಚ್ಚರ ಬೇಕು: ಲತೀನಿನಲ್ಲಿ ಯೊವಾನ್ನೆಸ್ ಎಂದು ಬರೆಸಿಕೊಂಡವನು ಮನೆಯಲ್ಲಿ ಜುವಾಂವ್, ಇಂಗ್ಲಿಷಿನಲ್ಲಿ ಜೋನ್. ಒಂದೇ ಹೆಸರು, ಒಂದೇ ಅಡ್ಡಹೆಸರಿನವರು ಒಂದೇ ಊರಿನಲ್ಲಿ ಹಲವರಿರುತ್ತಾರೆ. ಆದ್ದರಿಂದ ಜ್ಞಾನಪಿತರ ಹೆಸರನ್ನೂ ಹೋಲಿಸಿ ನೋಡಬೇಕು.

ಇತಿಹಾಸವೇ ಹಾಕಿದ ಗಡಿಯೊಂದಿದೆ. 1784ರಲ್ಲಿ ಟಿಪ್ಪು ಸುಲ್ತಾನನು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು. ಬಹುತೇಕ ಚರ್ಚ್‌ಗಳು ನೆಲಸಮವಾದವು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಮರಳಿದರು. ಅದಕ್ಕಿಂತ ಹಿಂದಿನ ಕೊಂಡಿಯನ್ನು ನಮ್ಮ ಚರ್ಚ್‌ಗಳ ಪುಸ್ತಕಗಳಲ್ಲಿ ಕಾಣುವುದು ಬಹು ಕಷ್ಟ. ಪೂರ್ವಜರು ಬಿಟ್ಟುಬಂದ ಹಳ್ಳಿಯ ಹೆಸರು ಗೊತ್ತಿದ್ದವರು ಗೋವಾದ ದಾಖಲೆಗಳನ್ನು ನೋಡಬಹುದು. ಗೋವಾದ ಪತ್ರಾಗಾರ 1595ರಷ್ಟು ಹಳೆಯದು.

19 ಡಿಸೆಂಬರ್ 1961ಕ್ಕೆ ಮುನ್ನ ಗೋವಾದಲ್ಲಿ ಜನಿಸಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪೌರತ್ವಕ್ಕಾಗಿ ಇಂಥ ದಾಖಲೆ ಹುಡುಕುವುದುಂಟು. ಶತಮಾನಗಳ ಹಿಂದೆಯೇ ಗೋವಾ ಬಿಟ್ಟುಬಂದವರ ಸಂತತಿಗೆ ಆ ದಾರಿ ಸಲ್ಲದು. ಆಸೆ ಹುಟ್ಟಿಸುವ ಏಜೆಂಟರ ಮಾತಿಗೆ ಯಾರೂ ಮರುಳಾಗಬಾರದು.

ಇನ್ನೊಂದು ಆಮಿಷ ಮತಾಂತರಕ್ಕೆ ಮುಂಚಿನ ಜಾತಿಯದು. ತಮ್ಮ ಮನೆತನ ಪ್ರಭುಗಳದ್ದೋ ಕಾಮತರದ್ದೋ ಎಂದು ತಿಳಿಯುವ ಕುತೂಹಲ ತಪ್ಪಲ್ಲ. ಆದರೆ ಅದನ್ನು ವಿವಾಹ ಸಂಬಂಧಗಳಲ್ಲಿ ಮೇಲು-ಕೀಳಿನ ಅಳತೆಗೋಲಾಗಿಸಿದರೆ, ಎಲ್ಲರನ್ನೂ ಒಂದೇ ತೊಟ್ಟಿಯ ನೀರಿನಲ್ಲಿ ಸಮಾನರನ್ನಾಗಿಸಿದ ಜ್ಞಾನಸ್ನಾನಕ್ಕೇ ಅವಮಾನ.

ಚರ್ಚ್ ಕಚೇರಿಗಳ ಹೊಣೆಯೂ ಸಣ್ಣದಲ್ಲ. ಹಳೆಯ ಪುಸ್ತಕಗಳನ್ನು ಜಾಗ್ರತೆಯಿಂದ ಕಾಪಾಡಬೇಕೆಂದು 1983ರ ಧರ್ಮಸಭೆಯ ಕಾನೂನಿನ 535ನೇ ವಿಧಿ ಹೇಳುತ್ತದೆ. ನಮ್ಮ ಮಳೆ, ತೇವ, ಗೆದ್ದಲು ಯಾರಿಗೂ ಕಾಯುವುದಿಲ್ಲ. ಪುಟಗಳ ಛಾಯಾಪ್ರತಿ ಮಾಡಿಡುವುದು ಇಂದಿನ ತುರ್ತು. ಆದರೆ ಅವೇ ಪುಟಗಳಲ್ಲಿ ದತ್ತು ಮಕ್ಕಳ, ತಂದೆಯ ಹೆಸರಿಲ್ಲದ ಮಕ್ಕಳ ವಿವರಗಳೂ ಇವೆ. ಜೀವಂತ ವ್ಯಕ್ತಿಗಳ ದಾಖಲೆಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಹಂಚಲು ಬಿಡಬಾರದು. ಕೇಳಿದವರಿಗೆ ಅವರ ಕುಟುಂಬದ ವಿವರವನ್ನಷ್ಟೇ ಬರೆದುಕೊಡುವುದು ಸೂಕ್ತ.

ಹಿರಿಯರೊಬ್ಬರು ತೀರಿಹೋದರೆ ಯಾವ ಪುಸ್ತಕದಲ್ಲೂ ಇಲ್ಲದ ನೆನಪುಗಳು ಅವರೊಂದಿಗೇ ಹೋಗುತ್ತವೆ. ಈ ಭಾನುವಾರ ಪೂಜೆಯ ಬಳಿಕ ಮನೆಯ ಹಿರಿಯರ ಬಳಿ ಕುಳಿತು, ಒಂದು ನೋಟ್‌ಬುಕ್‌ನಲ್ಲಿ ಅವರು ಹೇಳಿದ ಹೆಸರುಗಳನ್ನು ಬರೆದುಕೊಳ್ಳಿ.