ಕೂಸಿಗೆ ಬೇಕಾದದ್ದು ಬರೀ ಹಾಲಲ್ಲ

ಗಿರಣಿಗೆ ಹೋಗುವ ತಾಯಿಯ ಕೂಸು ಕೆಡುತ್ತದೆ ಎಂಬ ಮಾತನ್ನು ಧಣಿಗಳೂ ಆಡುತ್ತಾರೆ, ವೇದಿಕೆಯ ಭಾಷಣಕಾರರೂ ಆಡುತ್ತಾರೆ. ನಮ್ಮೊಳಗಿನ ಕೆಲವರು ತಲೆಯಾಡಿಸುತ್ತಾರೆ. ಮೇಲಾಗಿ ಶಾಸ್ತ್ರವೇ ಹಾಗೆ ಹೇಳುತ್ತದೆಂಬ ವಾದ ಬೇರೆ. ಆ ಶಾಸ್ತ್ರ ಏನು ಹೇಳಿದೆಯೆಂದು ನೋಡಿಯೇ ಬಿಡೋಣ.

ಇದರ ಮೂಲಪುರುಷ ಲಂಡನ್ನಿನ ವೈದ್ಯ ಜಾನ್ ಬೌಲ್ಬಿ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಆತ ಬರೆದ ವರದಿ 1951ರಲ್ಲಿ ಹೊರಬಂತು. ಕೂಸಿಗೆ ತಾಯಿಯೊಡನೆ, ಇಲ್ಲವೆ ತಾಯಿಯ ಸ್ಥಾನದಲ್ಲಿ ನಿಂತವರೊಡನೆ, ಕಡಿಯದ ಬಾಂಧವ್ಯ ಬೇಕೆಂಬುದು ಅದರ ಸಾರ. ನಡುವಿನ ಮಾತನ್ನು ನುಂಗಿದವರು 'ತಾಯಿ ಮನೆಯಲ್ಲೇ ಇರಲಿ' ಎಂಬಷ್ಟನ್ನು ಉಳಿಸಿಕೊಂಡರು. ಯುದ್ಧಕಾಲದಲ್ಲಿ ಹೆಂಗಸರ ದುಡಿಮೆ ಬೇಕಾದಾಗ ಬ್ರಿಟನ್ನಿನ ಸರ್ಕಾರ ಶಿಶುಗೃಹಗಳನ್ನು ತೆರೆದಿತ್ತು. ಯುದ್ಧ ಮುಗಿದ ಮೇಲೆ ಹಣ ಕತ್ತರಿಸಿತು. ಮುಚ್ಚುವವರಿಗೆ ಈ ವರದಿ ಒಳ್ಳೆಯ ನೆಪವಾಯಿತು. ಮಕ್ಕಳಿಗೆ ಹೆತ್ತವರ ಆಸರೆ ಬೇಕಾದಂತೆ ಹೆತ್ತವರಿಗೆ ಸಮಾಜದ ಆಸರೆ ಬೇಕೆಂದೂ ಅದೇ ವರದಿಯಲ್ಲಿದೆ. ಆ ಪುಟವನ್ನು ಯಾವ ಧಣಿ ಓದಿದ?

ಅದೇ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ಶಾಫರ್ ಮತ್ತು ಎಮರ್ಸನ್ ಎಂಬಿಬ್ಬರು 60 ಕೂಸುಗಳನ್ನು, ಹೆಚ್ಚಾಗಿ ದುಡಿಯುವವರ ಮನೆಯವನ್ನೇ, ಒಂದೂವರೆ ವರ್ಷದವರೆಗೆ ಗಮನಿಸಿ 1964ರಲ್ಲಿ ಬರೆದರು. ಸುಮಾರು ಏಳೆಂಟು ತಿಂಗಳಿಗೆ ಕೂಸು ತನ್ನವರನ್ನು ಆರಿಸಿಕೊಳ್ಳುತ್ತದೆ. ಅವರು ಎದ್ದುಹೋದರೆ ಅಳುತ್ತದೆ. ಇಷ್ಟನ್ನು ನಮ್ಮ ಯಾವ ಅಜ್ಜಿಯೂ ಹೇಳಿಯಾಳು. ಆದರೆ ಕೂಸು ಆರಿಸಿಕೊಂಡದ್ದು ಯಾವಾಗಲೂ ಉಣಿಸಿದವರನ್ನಲ್ಲ, ಹೆಚ್ಚು ಹೊತ್ತು ಬಳಿಯಿದ್ದವರನ್ನೂ ಅಲ್ಲ. ಅತ್ತಾಗ ಓಗೊಟ್ಟವರನ್ನು, ನಕ್ಕಾಗ ನಕ್ಕವರನ್ನು. ಒಂದೂವರೆ ವರ್ಷದ ಹೊತ್ತಿಗೆ ಹೆಚ್ಚಿನ ಕೂಸುಗಳಿಗೆ ತಾಯಿಯಲ್ಲದೆ ಅಪ್ಪ, ಅಜ್ಜಿ ಮುಂತಾಗಿ ಬೇರೆಯವರೂ ತನ್ನವರಾಗಿದ್ದರು. ಪಾಳಿ ಮುಗಿಸಿ ಬಂದು ಕೂಸನ್ನೆತ್ತಿಕೊಳ್ಳುವ ಅಪ್ಪ ಈ ಲೆಕ್ಕದಲ್ಲಿದ್ದಾನೆ. ಅಲ್ಲಿಂದಲೇ ಹೋಟೆಲಿಗೆ ಹೋಗಿ ಕೂತ ಅಪ್ಪ ಇಲ್ಲ. ಗಂಡಸು ಓದುಗರು ಸಿಟ್ಟಾಗಬಾರದು.

ಕೈಗಳು ಹಲವಿದ್ದರೆ ಕೇಡಿಲ್ಲ. ದಿನಕ್ಕೊಂದು ಕೈಯಾದರೆ ಕೇಡು. ರುಮೇನಿಯದ ಸರ್ಕಾರಿ ಅನಾಥಾಲಯಗಳಲ್ಲಿ ದಾದಿಯರು ಪಾಳಿಗೊಮ್ಮೆ ಬದಲಾಗುತ್ತಿದ್ದರು; ಕೂಸಿಗೆ ತನ್ನವರೆಂದು ಯಾರೂ ಇರಲಿಲ್ಲ. ಸಮಾಜವಾದದ ಹೆಸರು ಹೇಳಿದ ಸರ್ಕಾರವೇ ಅವನ್ನು ಕಟ್ಟಿತೆಂಬುದನ್ನು ನಾವು ಮುಚ್ಚಿಡುವುದಿಲ್ಲ. 2000ದ ನಂತರ ಅಂಥ 136 ಮಕ್ಕಳ ಮೇಲೆ ಬುಖಾರೆಸ್ಟಿನಲ್ಲಿ ಅಧ್ಯಯನ ನಡೆಯಿತು. ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು.

ನಮ್ಮಲ್ಲಿ ಆದದ್ದೇನು? 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗೆ ಶಿಶುಗೃಹ ಬೇಕೆಂದು 1948ರ ಕಾನೂನು ಹೇಳಿತು. 1976ರಲ್ಲಿ ಅದು 30ಕ್ಕಿಳಿಯಿತು. ಹೆರಿಗೆ ರಜೆ 2017ರಲ್ಲಿ 26 ವಾರವಾಯಿತು. ಎಂದರೆ ಕೂಸು ತನ್ನವರನ್ನು ಆರಿಸಿಕೊಳ್ಳುವ ಹೊತ್ತಿಗೇ ತಾಯಿಯ ರಜೆ ಮುಗಿಯುತ್ತದೆ. ಆಗ ಅದನ್ನೆತ್ತಿಕೊಳ್ಳುವ ಕೈ ಯಾರದು? 2023ರಲ್ಲಿ ಕರ್ನಾಟಕ ಸರ್ಕಾರ ಹಳ್ಳಿಗಳಿಗೆ 'ಕೂಸಿನ ಮನೆ' ಘೋಷಿಸಿತು. ಒಳ್ಳೆಯದೇ. ಆದರೆ ನೋಡಿಕೊಳ್ಳುವ ಹೆಂಗಸರನ್ನು ಉದ್ಯೋಗ ಖಾತ್ರಿಯ ಕೂಲಿಯ ಮೇಲೆ ಸರದಿಗೆ ಹಾಕಿದರು. ಆಗಿನ ಖಾತ್ರಿ ಮನೆಯೊಂದಕ್ಕೆ ವರ್ಷಕ್ಕೆ 100 ದಿನ. 100 ದಿನ ಆಡಿಸಿದವಳು ಎದ್ದುಹೋದರೆ ಕೂಸು ಯಾರನ್ನು ಹುಡುಕಬೇಕು?

ತೊಟ್ಟಿಲು, ಗೊಂಬೆ, ಬಣ್ಣದ ಗೋಡೆ ತೋರಿಸಿ ನಮ್ಮ ಬಾಯಿ ಮುಚ್ಚಿಸಲಾಗದು. ಗಿರಣಿಯಿರಲಿ, ಹಳ್ಳಿಯಿರಲಿ, ಶಿಶುಗೃಹದ ಆಯಾಳಿಗೆ ಕಾಯಂ ನೌಕರಿ ಕೊಡಿ, ತಿಂಗಳ ಸಂಬಳ ಕೊಡಿ. ಹಾಲೂಡಿಸಲು ಬಂದ ತಾಯಿಯ ಕೂಲಿಯಲ್ಲಿ ಒಂದು ಕಾಸೂ ಹಿಡಿಯಬೇಡಿ.